ದಂತಕೊಕ್ಕಿನ ಮರಕುಟಿಗ: ಕಂಡೆವೆಂದವರನ್ನು ನಂಬದಿರುವುದು ಹಠವೇ?

ಪ್ರಶ್ನೆ | ಕೆರೆಯಂಚು

ಅಮೆರಿಕದ ದಂತಕೊಕ್ಕಿನ ಮರಕುಟಿಗವು ಅಳಿದುಹೋಗಿದೆಯೆಂದು ಘೋಷಿಸುವ ಪ್ರಸ್ತಾವವನ್ನು ಅಲ್ಲಿನ ಮೀನು ಮತ್ತು ವನ್ಯಜೀವಿ ಇಲಾಖೆ 2021ರಲ್ಲಿ ಮುಂದಿಟ್ಟಿತ್ತು. ಆದರೆ 2023ರ ಅಕ್ಟೋಬರಿನಲ್ಲಿ 21 ಜೀವಿಗಳು ಅಳಿದವೆಂದು ಅಂತಿಮಗೊಳಿಸುವಾಗ ಈ ಹಕ್ಕಿಯ ತೀರ್ಮಾನವನ್ನು ಬಾಕಿ ಉಳಿಸಿಕೊಂಡಿತು. ಎಲ್ಲರೂ ಒಪ್ಪುವ ಕೊನೆಯ ದಾಖಲೆ 1944ರದು. ಲೂಸಿಯಾನಾದ ಸಿಂಗರ್ ಟ್ರ್ಯಾಕ್ಟ್ ಕಾಡಿನಲ್ಲಿ ಉಳಿದಿದ್ದ ಒಂಟಿ ಹೆಣ್ಣು ಹಕ್ಕಿಯದು. ಆ ಬಳಿಕವೂ ಕಂಡೆವೆಂದವರು ಅನೇಕರಿದ್ದು, ಅವರಲ್ಲಿ ನುರಿತ ಪಕ್ಷಿತಜ್ಞರೂ ಸೇರಿದ್ದಾರೆ. ಇಷ್ಟು ಮಂದಿಯ ಮಾತನ್ನು ತಳ್ಳಿಹಾಕುವುದು ವಿಜ್ಞಾನವೋ, ಹಠವೋ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1 | ಪೊಟರೆ

ಸಂದೇಹಪಡುವವರಲ್ಲಿ ಹೆಚ್ಚಿನವರು, ಕಂಡವರು ಸುಳ್ಳು ಹೇಳುತ್ತಿದ್ದಾರೆಂದು ಹೇಳುವುದಿಲ್ಲ. ಅವರ ತಕರಾರು ಇರುವುದು ಪುರಾವೆಯ ಬಗ್ಗೆ. ಅದೇ ಕಾಡುಗಳಲ್ಲಿ ಪೈಲಿಯೇಟೆಡ್ ಎಂಬ ಇನ್ನೊಂದು ದೊಡ್ಡ ಕಪ್ಪು ಮರಕುಟಿಗ ಧಾರಾಳವಾಗಿದೆ. ಎರಡನ್ನೂ ಬೇರ್ಪಡಿಸುವ ಮುಖ್ಯ ಗುರುತು ರೆಕ್ಕೆಯ ಬಿಳುಪು: ದಂತಕೊಕ್ಕಿನದರಲ್ಲಿ ರೆಕ್ಕೆಯ ಹಿಂಭಾಗದ ಅಂಚು ಅಗಲವಾಗಿ ಬೆಳ್ಳಗಿರುತ್ತದೆ, ಪೈಲಿಯೇಟೆಡ್‌ನಲ್ಲಿ ಬಿಳುಪು ಮುಖ್ಯವಾಗಿ ರೆಕ್ಕೆಯ ಅಡಿಯಲ್ಲಿ, ಮುಂಭಾಗದಲ್ಲಿರುತ್ತದೆ.

2004ರ ಫೆಬ್ರವರಿಯಲ್ಲಿ ಅರ್ಕಾನ್ಸಾದ ಕ್ಯಾಶ್ ನದಿಯ ಜೌಗುಕಾಡಿನಲ್ಲಿ ದೋಣಿಯಲ್ಲಿ ಸಾಗುತ್ತಿದ್ದವರೊಬ್ಬರಿಗೆ ಈ ಹಕ್ಕಿ ಕಂಡಿತೆನ್ನುವುದರಿಂದ ಆರಂಭವಾದ ಗುಟ್ಟಿನ ಶೋಧದಲ್ಲಿ, ಏಪ್ರಿಲ್‌ನಲ್ಲಿ ನಾಲ್ಕು ಸೆಕೆಂಡುಗಳ ಮಸುಕಾದ ವಿಡಿಯೊ ದೊರೆಯಿತು. ಕಾರ್ನೆಲ್ ವಿಶ್ವವಿದ್ಯಾಲಯದ ತಂಡ 2005ರಲ್ಲಿ ಅದನ್ನೇ ಆಧಾರವಾಗಿಟ್ಟು 'ಸೈನ್ಸ್' ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿತು. ಮರುವರ್ಷ ಪಕ್ಷಿತಜ್ಞ ಡೇವಿಡ್ ಸಿಬ್ಲಿ ಮತ್ತು ಜೊತೆಗಾರರು, ತಂಡವು ರೆಕ್ಕೆಯ ಮೇಲ್ಭಾಗವೆಂದು ಓದಿದ ಬಿಳುಪು ವಾಸ್ತವವಾಗಿ ಹಾರುವಾಗ ತಿರುಗಿ ಕಾಣುವ ಪೈಲಿಯೇಟೆಡ್‌ನ ರೆಕ್ಕೆಯ ಅಡಿಭಾಗವಿರಬಹುದೆಂದು ಅದೇ ಪತ್ರಿಕೆಯಲ್ಲಿ ವಾದಿಸಿದರು. ಕಾರ್ನೆಲ್ ತಂಡ ಒಪ್ಪಲಿಲ್ಲ. ಆದರೆ ಎರಡು ಬಗೆಯ ಓದಿಗೂ ಎಡೆಕೊಡುವ ಚಿತ್ರವು ಪುರಾವೆಯಾಗಲಾರದು ಎಂಬುದಷ್ಟೇ ನನ್ನ ಅಭಿಪ್ರಾಯ.

ಧ್ವನಿಯೂ ಮೋಸಗೊಳಿಸಬಲ್ಲದು. 2002ರಲ್ಲಿ ಲೂಸಿಯಾನಾದ ಪರ್ಲ್ ನದಿಯ ಬಳಿ ದಾಖಲಾದ, ಈ ಹಕ್ಕಿಯದಿರಬಹುದೆಂದು ಭಾವಿಸಿದ್ದ ಜೋಡಿ ಕುಟುಕಿನ ಸದ್ದು, ವಿಶ್ಲೇಷಣೆಯ ಬಳಿಕ ದೂರದ ಗುಂಡಿನ ಸದ್ದೆಂದು ತಿಳಿದುಬಂತು.

ಉತ್ತರ 2 | ಕುರುಚಲು

ಪೊಟರೆಯವರ ವಿವರಣೆ ಸರಿಯಾಗಿದೆ, ಆದರೂ ಒಂದು ಎಚ್ಚರಿಕೆಯ ಮಾತು. ಜೆರ್ಡನ್ಸ್ ಕೋರ್ಸರ್ ಎಂಬ ಹಕ್ಕಿ 1900ರ ಬಳಿಕ ಯಾರಿಗೂ ಕಾಣದೆ, 1986ರಲ್ಲಿ ಆಂಧ್ರದ ಕಡಪ ಜಿಲ್ಲೆಯಲ್ಲಿ ಮರಳಿ ಸಿಕ್ಕಿತು. ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆ 1884ರ ನಂತರ 113 ವರ್ಷ ಕಾಣೆಯಾಗಿದ್ದು, 1997ರಲ್ಲಿ ಮಹಾರಾಷ್ಟ್ರದ ಶಹಾದಾ ಸಮೀಪ ಪತ್ತೆಯಾಯಿತು. ಇವೆರಡನ್ನೂ 'ಮುಗಿದ ಕಥೆ' ಎಂದು ಕೈಬಿಟ್ಟಿದ್ದರೆ ನಮಗೇ ನಷ್ಟವಾಗುತ್ತಿತ್ತಲ್ಲವೇ?

ಉತ್ತರ 3 | ಪೊಟರೆ

ಈ ಹೋಲಿಕೆಯನ್ನು ಎಲ್ಲೆಡೆ ಎತ್ತುತ್ತಾರೆ, ಆದರೆ ಅದು ಇಲ್ಲಿ ಪೂರ್ತಿಯಾಗಿ ಹೊಂದುವುದಿಲ್ಲ. ಕೋರ್ಸರ್ ಕುರುಚಲು ಕಾಡಿನಲ್ಲಿ ರಾತ್ರಿ ಓಡಾಡುವ ಹಕ್ಕಿಯಾದ್ದರಿಂದ ಹಗಲಿನಲ್ಲಿ ಹುಡುಕಿದವರಿಗೆ ಸಿಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ಮರಕುಟಿಗವಾದರೋ ಅರ್ಧ ಮೀಟರ್ ಉದ್ದದ, ಹಗಲಿನಲ್ಲಿ ಸದ್ದುಮಾಡುತ್ತ ತೊಗಟೆ ಸುಲಿಯುವ ಹಕ್ಕಿ. ಅದರ ನಾಡೋ ಜಗತ್ತಿನಲ್ಲೇ ಅತಿ ಹೆಚ್ಚು ದುರ್ಬೀನುಗಳಿರುವ ದೇಶ.

ಗೂಬೆಯ ಕಥೆಯಂತೂ ನನ್ನ ಪಕ್ಷವನ್ನೇ ಹಿಡಿಯುತ್ತದೆ. ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಸೇನಾಧಿಕಾರಿ ಅದನ್ನು 1914ರಲ್ಲಿ ಗುಜರಾತಿನ ಮಾಂಡವಿಯಲ್ಲಿ ಸಂಗ್ರಹಿಸಿದೆನೆಂದು ಹೇಳಿಕೊಂಡಿದ್ದ. ಅದು ವಸ್ತುಸಂಗ್ರಹಾಲಯದಿಂದ ಕದ್ದ ಹಳೆಯ ಮಾದರಿಗೆ ಹೊಸ ಚೀಟಿ ಅಂಟಿಸಿದ್ದೆಂದು ಪಕ್ಷಿತಜ್ಞೆ ಪಮೇಲಾ ರಾಸ್ಮುಸನ್ ಮತ್ತು ಸಂಗಡಿಗರು ಬಯಲು ಮಾಡಿದರು. ಆ ದಾಖಲೆಯನ್ನು ಕೈಬಿಟ್ಟು, 19ನೆಯ ಶತಮಾನದ ಅಸಲಿ ಮಾದರಿಗಳು ಬಂದ ಜಾಗಗಳ ಬೆನ್ನುಹತ್ತಿದ್ದರಿಂದಲೇ ಅವರಿಗೆ ಹಕ್ಕಿ ಸಿಕ್ಕಿತು. ದಾಖಲೆಯನ್ನು ಅನುಮಾನಿಸಿದವರೇ ಹಕ್ಕಿಯನ್ನು ಕಂಡುಕೊಂಡರು ಎಂಬುದನ್ನು ಗಮನಿಸಬೇಕು.

ಉತ್ತರ 4 | ಕೆರೆಯಂಚು

ಹಾಗಾದರೆ ಡ್ರೋನ್ ಮತ್ತು ಸ್ವಯಂಚಾಲಿತ ಕ್ಯಾಮೆರಾಗಳ ಚಿತ್ರಗಳನ್ನಿಟ್ಟು 2023ರಲ್ಲಿ ಲೂಸಿಯಾನಾದಿಂದ ಬಂದ ಪ್ರಬಂಧವೂ ಸಾಲದೇ? ಯಾವುದು ಸಾಕಾಗುತ್ತದೆ?

ಉತ್ತರ 5 | ಮಟಪಕ್ಷಿ

ನನ್ನ ಅನುಭವವೊಂದನ್ನು ಹೇಳುತ್ತೇನೆ. ಕೊಡಗಿನ ಕಾಡಂಚಿನಲ್ಲಿ, ಬಿಳಿಹೊಟ್ಟೆಯ ಕರಿ ಮರಕುಟಿಗವನ್ನೇ ನೋಡಬೇಕೆಂದು ಮೂರು ದಿನ ಕಾದಿದ್ದ ನನಗೆ, ಕಪ್ಪು ರೆಕ್ಕೆ, ಬಿಳಿಹೊಟ್ಟೆಯ ದೊಡ್ಡ ಹಕ್ಕಿಯೊಂದು ಕೊಂಬೆಗಳ ನಡುವೆ ಒಂದು ಕ್ಷಣ ಕಂಡಿತು. ಮರಕುಟಿಗವೆಂದು ಆಣೆಯಿಟ್ಟು ಹೇಳಬಲ್ಲವನಾಗಿದ್ದೆ. ಸಂಗಡಿಗರ ಕ್ಯಾಮೆರಾದಲ್ಲಿ ಸಿಕ್ಕದ್ದು ಬಿಳಿಹೊಟ್ಟೆಯ ಮಟಪಕ್ಷಿ. (ಈ ಅಡ್ಡಹೆಸರು ಅಂದು ಅಂಟಿಕೊಂಡದ್ದು.)

ನಿಮ್ಮ ಪ್ರಶ್ನೆಗೆ ಉತ್ತರ ಸರಳವಾಗಿದೆ: ಹಕ್ಕಿಯನ್ನು ಕಾಣಲೇಬೇಕೆಂಬ ಆಸೆಯಿಲ್ಲದವನೂ ನೋಡಿದೊಡನೆ ಗುರುತಿಸಬಲ್ಲ ಒಂದು ಚಿತ್ರ ಸಾಕು. 2023ರ ಚಿತ್ರಗಳು ದೂರದವು ಮತ್ತು ಮಸುಕಾದವು. 1935ರಲ್ಲಿ ಕಾರ್ನೆಲ್‌ನವರೇ ಭಾರೀ ಧ್ವನಿಮುದ್ರಣ ಯಂತ್ರವನ್ನು ಹೇಸರಗತ್ತೆಗಳ ಗಾಡಿಯಲ್ಲಿ ಹೇರಿ ಸಿಂಗರ್ ಟ್ರ್ಯಾಕ್ಟ್‌ನ ಕೆಸರಿನೊಳಗೆ ಸಾಗಿಸಿ, ಗೂಡಿನ ಬಳಿ ಹಕ್ಕಿಯ ಚಲನಚಿತ್ರವನ್ನೂ ಕೂಗನ್ನೂ ಸ್ಪಷ್ಟವಾಗಿ ದಾಖಲಿಸಿದ್ದರು. ಆ ಚಿತ್ರದ ಕುರಿತು ಇಂದಿಗೂ ಯಾರೂ ತಕರಾರು ತೆಗೆದಿಲ್ಲ.