ಸೆಟಪ್ ಬಾಕ್ಸಿಂದ ಲ್ಯಾಪ್‌ಟಾಪ್‌ಗೆ ರೆಕಾರ್ಡ್ ಮಾಡೋದು: ಪಿಕ್ಚರ್ ಕಪ್ಪು-ಬಿಳುಪು, ಸೌಂಡ್ ಇಲ್ಲ, ಭಾನುವಾರದೊಳಗೆ ಸರಿ ಆಗ್ಬೇಕು

ಹಾಸನ್_ಹೈದ (ಗುರುವಾರ ರಾತ್ರಿ)
ಎಲ್ರಿಗೂ ನಮಸ್ಕಾರ. ನಮ್ಮಮ್ಮ ಮತ್ತೆ ಊರಿನ ನಾಲ್ಕು ಜನ ಹೆಂಗಸ್ರು ಸೋಬಾನೆ ಪದ ಹಾಡಿರೋದು ಈ ಭಾನುವಾರ ಚಂದನದಲ್ಲಿ ಬರ್ತಿದೆ, ಅರ್ಧ ಗಂಟೆ ಪ್ರೋಗ್ರಾಂ. ಅಮ್ಮಂಗೆ 70 ದಾಟಿದೆ, ಈ ಪದಗಳು ಪೂರ್ತಿ ಬರೋದು ನಮ್ಮೂರಲ್ಲಿ ಇವರೈದು ಜನಕ್ಕೇ, ಅದಕ್ಕೇ ಹೇಗಾದ್ರೂ ರೆಕಾರ್ಡ್ ಮಾಡಿ ಇಟ್ಕೋಬೇಕು ಅಂತ ಒದ್ದಾಡ್ತಿದೀನಿ.

ಮನೇಲಿರೋದು ಡಿಡಿ ಫ್ರೀ ಡಿಶ್ ಬಾಕ್ಸ್. ಮೊದ್ಲು ಬಾಕ್ಸಿನ ಎಚ್‌ಡಿಎಂಐ ಕೇಬಲ್ ತಂದು ಲ್ಯಾಪ್‌ಟಾಪಿನ ಎಚ್‌ಡಿಎಂಐಗೆ ಚುಚ್ಚಿದೆ, ಏನೂ ಬರ್ಲಿಲ್ಲ. ಆಮೇಲೆ ಹಾಸನದಲ್ಲಿ ಒಂದು ಅಂಗಡೀಲಿ ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್ ಕೊಟ್ರು, ಬಾಕ್ಸಿನ ಪಿಕ್ಚರ್-ಸೌಂಡನ್ನ ಲ್ಯಾಪ್‌ಟಾಪ್ ಒಳಗೆ ತಗೊಳೋದು, ಹಳದಿ ಕೆಂಪು ಬಿಳಿ ಪಿನ್ ಹಾಕೋದು. ಓಬಿಎಸ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದೀನಿ, ಸ್ಟಿಕ್ಕು ಕಾಣಿಸ್ತಿದೆ, ಆದ್ರೆ ಪಿಕ್ಚರ್ ಕಪ್ಪು-ಬಿಳುಪು, ಅದೂ ಮೇಲಿಂದ ಕೆಳಕ್ಕೆ ಉರುಳ್ತಾನೇ ಇರುತ್ತೆ, ಸೌಂಡ್ ಅಂತೂ ಇಲ್ವೇ ಇಲ್ಲ. ಟಿವೀಲಿ ಎಲ್ಲಾ ಚೆನ್ನಾಗೇ ಬರ್ತಿದೆ. ವಿಂಡೋಸ್ 10. ದಯವಿಟ್ಟು ಯಾರಾದ್ರೂ ಹೇಳಿ.

ರೇಡಿಯೋ_ಮೇಷ್ಟ್ರು
ಗಾಬರಿ ಬೇಡಪ್ಪ, ಇನ್ನೂ ಮೂರು ದಿನ ಇದೆ. ಲ್ಯಾಪ್‌ಟಾಪಿನ ಎಚ್‌ಡಿಎಂಐ ಹೊರಗೆ ಕಳ್ಸೋಕೆ ಮಾತ್ರ ಇರೋದು, ಒಳಗೆ ತಗೊಳಲ್ಲ, ಅದಕ್ಕೇ ಏನೂ ಬರ್ಲಿಲ್ಲ, ನಿನ್ನ ಕೇಬಲ್ಲೂ ಬಾಕ್ಸೂ ಸರಿಯಾಗೇ ಇವೆ. ಈಗ ತಂದಿರೋ ಸ್ಟಿಕ್ಕೇ ಸಾಕು.

ಪಿಕ್ಚರ್ ಉರುಳೋದು, ಬಣ್ಣ ಹೋಗೋದು ಎರಡೂ ಒಂದೇ ಕಾಯಿಲೆ. ಟಿವಿ ಪಿಕ್ಚರ್ ಕಳ್ಸೋ ಪದ್ಧತಿ ನಮ್ಮ ದೇಶದ್ದು ಪಾಲ್, 625 ಗೆರೆ, ಸೆಕೆಂಡಿಗೆ 25 ಫ್ರೇಮ್. ಸ್ಟಿಕ್ಕು ಅಮೆರಿಕದ ಎನ್‌ಟಿಎಸ್‌ಸಿ ಬರುತ್ತೆ ಅಂತ ಕಾಯ್ತಾ ಕೂತಿದೆ, ಅದು 525 ಗೆರೆ. ಲೆಕ್ಕ ಕೂಡಲ್ಲ, ಉರುಳುತ್ತೆ. ಓಬಿಎಸ್‌ನಲ್ಲಿ ಆ ಸೋರ್ಸ್ ಮೇಲೆ ಡಬಲ್ ಕ್ಲಿಕ್ ಮಾಡು, ಕಾನ್ಫಿಗರ್ ವಿಡಿಯೋ ಅಂತ ಬಟನ್ ಇರುತ್ತೆ, ಅದರೊಳಗೆ ವಿಡಿಯೋ ಸ್ಟ್ಯಾಂಡರ್ಡ್ ಪಾಲ್ ಬಿ ಮಾಡು. ರೆಸೊಲ್ಯೂಷನ್ ಕಸ್ಟಮ್ ಇಟ್ಟು 720×576. ಕ್ರಾಸ್‌ಬಾರ್ ಅಂತ ಇನ್ನೊಂದು ಬಟನ್ ಇದ್ರೆ ಅಲ್ಲಿ ಕಾಂಪೊಸಿಟ್ (ಅಂದ್ರೆ ಹಳದಿ ಪಿನ್) ಆಗಿರ್ಬೇಕು, ಎಸ್-ವಿಡಿಯೋ ಆಗಿದ್ರೂ ಬಣ್ಣ ಬರಲ್ಲ.

ಕುಂದಾಪ್ರ_ಆಂಟೆನಾ
ಬಾಕ್ಸಿಂದ ಎವಿ (ಸೌಂಡು, ವಿಡಿಯೋ) ಬರೋದು ಮೂರು ತೂತಿಂದಲೋ ಅಥವಾ ಇಯರ್‌ಫೋನ್ ಥರದ ಒಂದೇ ತೂತಿಂದಲೋ? ಒಂದೇ ಆದ್ರೆ ಜಾಗ್ರತೆ ಮಾರಾಯ್ರೆ, ಆ ಕೇಬಲ್‌ಗಳು ನೋಡೋಕೆ ಒಂದೇ ಥರ, ಒಳಗಿನ ವೈರಿನ ಕ್ರಮ ಬೇರೆ ಬೇರೆ ಇರ್ತದೆ. ನಾನು ಒಮ್ಮೆ ಹಳೇ ಕ್ಯಾಮೆರಾ ಕೇಬಲ್ ಹಾಕಿ ಒಂದು ಸಂಜೆ ಪೂರ್ತಿ ಕಳೆದೆ, ಕೊನೆಗೆ ನೋಡಿದ್ರೆ ವಿಡಿಯೋ ಬರ್ತಾ ಇದ್ದದ್ದು ಕೆಂಪು ಪಿನ್ನಲ್ಲಿ. ಬಾಕ್ಸಿನ ಜೊತೆ ಬಂದ ಕೇಬಲ್ಲನ್ನೇ ಹಾಕಿ.

ಹಾಸನ್_ಹೈದ (ಶುಕ್ರವಾರ)
ಮೇಷ್ಟ್ರೇ, ಪಾಲ್ ಮಾಡಿದ ತಕ್ಷಣ ಬಣ್ಣ ಬಂತು, ಉರುಳೋದೂ ನಿಂತ್ಹೋಯ್ತು, ಎಷ್ಟು ಖುಷಿ ಆಯ್ತು ಅಂದ್ರೆ ಅಮ್ಮನ್ನ ಕರ್ದು ತೋರ್ಸಿದೆ. ಕೇಬಲ್ ಬಾಕ್ಸಿನದ್ದೇ. ಈಗ ಮೂರು ತೊಂದ್ರೆ ಉಳಿದಿದೆ. ಸೌಂಡ್ ಇನ್ನೂ ಇಲ್ಲ. ಪಿಕ್ಚರಲ್ಲಿ ಯಾರಾದ್ರೂ ಕೈ ಆಡ್ಸಿದ್ರೆ ಕೈಯಂಚಲ್ಲಿ ಬಾಚಣಿಗೆ ಹಲ್ಲಿನ ಥರ ಗೆರೆ ಗೆರೆ ಕಾಣುತ್ತೆ. ಮುಖ ಎಲ್ಲಾ ಸ್ವಲ್ಪ ಉದ್ದಕ್ಕೆ ಎಳ್ದಂಗಿದೆ.

ರೇಡಿಯೋ_ಮೇಷ್ಟ್ರು
ಗೆರೆಗೆ ಕಾರಣ ಇಂಟರ್‌ಲೇಸ್. ಒಂದು ಫ್ರೇಮನ್ನ ಎರಡು ಭಾಗ ಮಾಡಿ ಕಳಿಸ್ತಾರೆ, ಮೊದ್ಲು ಬೆಸ ಗೆರೆ ಆಮೇಲೆ ಸಮ ಗೆರೆ, ಆ ಎರಡರ ನಡುವೆ ಕೈ ಜರುಗಿರುತ್ತೆ. ಸೋರ್ಸ್ ಮೇಲೆ ರೈಟ್ ಕ್ಲಿಕ್, ಡಿಇಂಟರ್‌ಲೇಸಿಂಗ್, ಯಾಡಿಫ್ 2ಎಕ್ಸ್. ಟಾಪ್ ಫೀಲ್ಡ್ ಇಟ್ಟು ನೋಡು, ಪಿಕ್ಚರ್ ಹಿಂದೆಮುಂದೆ ನಡುಗಿದ್ರೆ ಬಾಟಮ್ ಮಾಡು. 25 ಫ್ರೇಮಿಗೆ ಎರಡೆರಡು ಭಾಗ ಅಂದ್ರೆ 50, ಅದಕ್ಕೇ ಸೆಟಿಂಗ್ಸಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) 50 ಇಡು, 30 ಇಟ್ರೆ ಚಲನೆ ತಟ್ಟಾಡುತ್ತೆ. ಮುಖ ಎಳ್ದಂಗಿರೋದಕ್ಕೆ ಬಾಕ್ಸಿನ ಮೆನುವಲ್ಲಿ 16:9 ಮಾಡಿ, ಓಬಿಎಸ್ ಕ್ಯಾನ್ವಾಸ್ 1024×576 ಇಟ್ಟು ಸ್ಟ್ರೆಚ್ ಟು ಸ್ಕ್ರೀನ್ ಕೊಡು.

ಸೌಂಡಿಗೆ ವಿಂಡೋಸ್ ಪ್ರೈವೆಸಿ ಸೆಟಿಂಗ್ಸಿಗೆ ಹೋಗಿ ಮೈಕ್ರೋಫೋನ್ ಪರ್ಮಿಷನ್ ಆನ್ ಇದ್ಯಾ ನೋಡು. ಸ್ಟಿಕ್ಕಿನ ಸೌಂಡನ್ನ ವಿಂಡೋಸು ಮೈಕು ಅಂತಲೇ ತಿಳ್ಕೊಳೋದು, ಅಲ್ಲಿ ಆಫ್ ಇದ್ರೆ ಸದ್ದೇ ಬರಲ್ಲ. ಆಮೇಲೆ ಆಡಿಯೋ ಇನ್‌ಪುಟ್ ಕ್ಯಾಪ್ಚರ್ ಅಂತ ಬೇರೆ ಸೋರ್ಸ್ ಸೇರಿಸಿ ಸ್ಟಿಕ್ಕಿನ ಹೆಸ್ರು ಆರಿಸ್ಕೋ. ಸ್ಪೀಕರಲ್ಲಿ ಕೇಳದೇ ಇದ್ರೂ ಕೆಳಗಿನ ಹಸಿರು ಪಟ್ಟಿ ಕುಣೀತಿದ್ರೆ ಫೈಲಲ್ಲಿ ಸೌಂಡ್ ಬಂದಿರುತ್ತೆ. ಒಂದ್ನಿಮಿಷ ರೆಕಾರ್ಡ್ ಮಾಡಿ ಹಾಕಿ ಕೇಳು.

ಗದಗ_ಡಿಶ್
ನಾ ಡಿಶ್ ಫಿಟಿಂಗ್ ಕೆಲಸ ಮಾಡಾಂವ್ರಿ, ಒಂದ್ ಮಾತು. ಬಾಕ್ಸಿನ ಹಿಂದ ಯುಎಸ್‌ಬಿ ಐತೇನು? ಇದ್ರ ಪೆನ್‌ಡ್ರೈವ್ ಹಾಕಿ ರಿಮೋಟಿನ ರೆಕಾರ್ಡ್ ಗುಂಡಿ ಒತ್ತಿ ನೋಡ್ರಿ. ಫ್ರೀ ಡಿಶ್ ಬಾಕ್ಸ್ ಭಾಳಷ್ಟರಾಗ ಅದು ಇರ್ತೈತಿ. ಸ್ಯಾಟಲೈಟಿಂದ ಬಂದದ್ದು ಬಂದಂಗ ಟಿಎಸ್ ಫೈಲಾಗಿ ಕೂಡ್ತದ, ಎವಿ ವೈರಿನ್ಯಾಗ ಹೋಗಿ ಮಸಕ ಆಗೂದಿಲ್ಲ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್ ಇರ್ಬೇಕು ನೋಡ್ರಿ, ಎನ್‌ಟಿಎಫ್‌ಎಸ್ ಇದ್ರ ಭಾಳ ಬಾಕ್ಸಿಗೆ ಗುರ್ತ ಸಿಗಂಗಿಲ್ಲ. ಲ್ಯಾಪ್‌ಟಾಪ್ ಮ್ಯಾಲೂ ಮಾಡ್ರಿ, ಬಾಕ್ಸಿನ್ಯಾಗೂ ಮಾಡ್ರಿ. ತಾಯಿ ದನಿ ಅದು, ಎರಡ್ ಕಡೆ ಇರ್ಲಿ.

ಬೆಂಗ್ಳೂರ್_ಬಿಟ್‌ರೇಟ್
ನಡುವೆ ಕೇಳ್ತಿರೋದಕ್ಕೆ ಸಾರಿ, ನಂದು ದುಡ್ಡು ಕಟ್ಟೋ ಡಿಟಿಎಚ್, ಎಚ್‌ಡಿಎಂಐ ಕ್ಯಾಪ್ಚರ್ ತಗೊಂಡೆ, ಬರೀ ಕಪ್ಪು ಸ್ಕ್ರೀನ್ ಬರ್ತಿದೆ?

ರೇಡಿಯೋ_ಮೇಷ್ಟ್ರು
ಅದು ಎಚ್‌ಡಿಸಿಪಿ, ಕಾಪಿ ಆಗದಂತೆ ಹಾಕಿರೋ ಬೀಗ. ಅದನ್ನ ಒಡೆಯೋ ದಾರಿ ನಾನು ಹೇಳಲ್ಲ, ಕೇಳಲೂಬೇಡಿ. ರೆಕಾರ್ಡಿಂಗ್ ಇರೋ ಬಾಕ್ಸ್ ನಿಮ್ಮ ಕಂಪನಿಯಲ್ಲೇ ಸಿಗುತ್ತಾ ವಿಚಾರಿಸಿ.

ಹಾಸನ್_ಹೈದ (ಶನಿವಾರ)
ಮೈಕ್ರೋಫೋನ್ ಪರ್ಮಿಷನ್ನೇ ಆಫ್ ಇತ್ತು! ಸೌಂಡ್ ಬಂತು. ಆದ್ರೆ ಹಿಂದೆ ಗುಂಯ್ ಅಂತ ಒಂದೇ ಸಮ ಸದ್ದು, ಪದದ ನಡುವೆ ಸುಮ್ಮನಾಗೋ ಕಡೆ ಅದೇ ಕೇಳುತ್ತೆ, ಇದು ಹಾಗೇ ಉಳಿದ್ರೆ ನಂಗೆ ಸಮಾಧಾನ ಆಗಲ್ಲ. ಗದಗದ ಅಣ್ಣ, ನನ್ನ ಬಾಕ್ಸಲ್ಲೂ ರೆಕಾರ್ಡ್ ಇದೆ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿದ್ಮೇಲೆ ತಗೊಳ್ತು.

ಕುಂದಾಪ್ರ_ಆಂಟೆನಾ
ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಇಟ್ಟು ಕೇಳಿ. ಡಿಶ್ಶಿನ ಕೇಬಲ್, ಟಿವಿ, ಬಾಕ್ಸ್, ಲ್ಯಾಪ್‌ಟಾಪ್ ಎಲ್ಲದರ ಅರ್ತು ವೈರಲ್ಲೇ ಒಂದಕ್ಕೊಂದು ಸೇರ್ಕೊಂಡಿರ್ತದೆ, ಆ ಸುತ್ತಿನಲ್ಲಿ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡ್ತದೆ. ಚಾರ್ಜರ್ ತೆಗೆದ್ರೆ ಸುತ್ತು ತುಂಡಾಗ್ತದೆ.

ರೇಡಿಯೋ_ಮೇಷ್ಟ್ರು
ಇವರು ಹೇಳಿದ್ದು ಸರಿ. ಜೊತೆಗೆ ಇನ್ನೊಂದೆರಡು ವಿಷಯ. ಫೈಲ್ ಫಾರ್ಮ್ಯಾಟ್ ಎಂಪಿ4 ಅಲ್ಲ, ಎಂಕೆವಿಯಲ್ಲೇ ರೆಕಾರ್ಡ್ ಮಾಡು, ನಡುವೆ ಲ್ಯಾಪ್‌ಟಾಪ್ ಆಫಾದ್ರೂ ಅಲ್ಲೀವರೆಗಿನದ್ದು ಉಳಿಯುತ್ತೆ, ಎಂಪಿ4 ಆದ್ರೆ ಪೂರ್ತಿ ಫೈಲೇ ಓಪನ್ ಆಗದೇ ಹೋಗ್ಬಹುದು. ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಕಿಲೋಬಿಟ್ ಅಂತ) 4000 ಇಟ್ರೆ ಅರ್ಧ ಗಂಟೆಗೆ ಸುಮಾರು 900 ಎಂಬಿ, ಜಾಗ ನೋಡ್ಕೋ. ಸ್ಲೀಪ್ ಮೋಡ್ ಆಫ್ ಮಾಡು. ಕರೆಂಟ್ ಹೋದ್ರೆ ಲ್ಯಾಪ್‌ಟಾಪ್ ನಡೆಯುತ್ತೆ, ಬಾಕ್ಸ್ ಆಫ್ ಆಗುತ್ತೆ, ಅದನ್ನ ಯುಪಿಎಸ್‌ಗೆ ಹಾಕು. ಹತ್ತು ನಿಮಿಷ ಮುಂಚೆನೇ ಶುರು ಮಾಡ್ಬಿಡು, ಟೈಮ್ ಹಿಂದುಮುಂದಾಗುತ್ತೆ.

ಗದಗ_ಡಿಶ್
ಮಳಿ ಬಂದ್ರ ಸಿಗ್ನಲ್ ಕೀಳ್ತೈತ್ರಿ, ಫ್ರೀ ಡಿಶ್ ಕೆಯು ಬ್ಯಾಂಡ್, ನೀರಿನ ಹನಿ ತಡೀತಾವು. ಇವತ್ತ ಬಿಸಿಲಿರಾಗ ಸಿಗ್ನಲ್ ಕ್ವಾಲಿಟಿ ನೋಡಿ ಡಿಶ್ ಸ್ವಲ್ಪ ಅತ್ಲಾಗ ಇತ್ಲಾಗ ಹೊಳ್ಳಿಸಿ ಗಟ್ಟಿ ಮಾಡ್ರಿ. ಸ್ಯಾಟಲೈಟ್ ಜಿಸ್ಯಾಟ್-15, 93.5 ಡಿಗ್ರಿ ಪೂರ್ವ. ಬಿಸಿಲಿರಾಗ ಕ್ವಾಲಿಟಿ ಎಷ್ಟು ಜಾಸ್ತಿ ಇರ್ತದೋ ಮಳಿಯಾಗ ಅಷ್ಟು ಹೊತ್ತು ತಡೀತದ.

ಹಾಸನ್_ಹೈದ (ಭಾನುವಾರ ರಾತ್ರಿ)
ಆಯ್ತು! ಎರಡೂ ಕಡೆ ಬಂದಿದೆ. ಚಾರ್ಜರ್ ತೆಗೆದ್ಮೇಲೆ ಗುಂಯ್ ಅನ್ನೋದು ಪೂರ್ತಿ ಹೋಯ್ತು. ಶುರುವಾಗಿ ಹದಿನೈದು ನಿಮಿಷಕ್ಕೆ ಮಳೆ ಬಂತು, ಎದೆ ಡವಡವ ಅಂತಿತ್ತು, ಪಿಕ್ಚರ್ ಒಂದೇ ಸಲ ಚೌಕ ಚೌಕ ಆಗಿ ಸರಿ ಹೋಯ್ತು, ಡಿಶ್ ಗಟ್ಟಿ ಮಾಡಿದ್ದೇ ಕಾಪಾಡ್ತು. ಬಳೆ ತೊಡ್ಸೋವಾಗ ಹಾಡೋ ಪದದಲ್ಲಿ ಅಮ್ಮ ಒಬ್ರೇ ಎತ್ಕೊಳೋ ಜಾಗ ಇದೆ, ಅಲ್ಲಿ ಅವರ ಉಸ್ರು ತಗೊಳೋದೂ ಕೇಳುತ್ತೆ. ನಿಮ್ಮೆಲ್ರಿಗೂ ಕೈ ಮುಗೀತೀನಿ.

ಒಂದು ಕೊನೇ ಪ್ರಶ್ನೆ, ಪೆನ್‌ಡ್ರೈವಲ್ಲಿ ಎರಡು ಫೈಲಾಗಿ ಬಂದಿದೆ, ಸೇರ್ಸೋದು ಹೇಗೆ?

ರೇಡಿಯೋ_ಮೇಷ್ಟ್ರು
ಬಹಳ ಸಂತೋಷ ಆಯ್ತಪ್ಪ. ಎಂಕೆವಿಟೂಲ್‌ನಿಕ್ಸ್ ಅನ್ನೋ ಸಾಫ್ಟ್‌ವೇರ್ ಹಾಕ್ಕೋ, ಫ್ರೀ. ಮೊದಲ್ನೇ ಫೈಲ್ ಎಳೆದು ಹಾಕು, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಅಪೆಂಡ್ ಫೈಲ್ಸ್, ಎರಡನೇದು ಆರಿಸು, ಸ್ಟಾರ್ಟ್. ಕ್ವಾಲಿಟಿ ಒಂಚೂರೂ ಕಮ್ಮಿ ಆಗಲ್ಲ. ಮೂಲ ಟಿಎಸ್ ಫೈಲ್ ಮಾತ್ರ ಡಿಲೀಟ್ ಮಾಡ್ಬೇಡ, ಬೇರೆ ಹಾರ್ಡ್‌ಡಿಸ್ಕಿಗೆ ಒಂದು ಕಾಪಿ ಹಾಕಿ, ಜೊತೆಗಿದ್ದ ನಾಲ್ಕು ಜನ ತಾಯಂದಿರ ಮನೆಗೂ ಒಂದೊಂದು ಕೊಡು.

ಹಾಸನ್_ಹೈದ
ಸೇರ್ತು ಮೇಷ್ಟ್ರೇ. ನಾಲ್ಕು ಪೆನ್‌ಡ್ರೈವ್ ನಾಳೆ ತರ್ತೀನಿ.