ಉದ್ಯಮಬಾಗದ ಶೆಡ್‌ನಾಗ ಕಿಟ್ ವಿಮಾನ ಕಟ್ಟಬೇಕಂತೇವಿ, ಬೋಲ್ಟ್ ಮತ್ತ ಪೆಟ್ರೋಲ್ ಬಗ್ಗೆ ಗೊತ್ತಿದ್ದವ್ರು ಹೇಳ್ರಿ

ಬಸು_ಬಾಗಲಕೋಟಿ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮೂರು ಬಾಗಲಕೋಟಿ, ಕೆಲಸ ಬೆಳಗಾವಿ ಉದ್ಯಮಬಾಗದಾಗ, ಸಿಎನ್‌ಸಿ ಶಾಪ್. ನಾವು ಮೂರು ಮಂದಿ ದೋಸ್ತರು ಕೂಡಿ ಝೆನಿತ್ ಕಂಪನಿಯ ಸಿಎಚ್ 750 ಅನ್ನೋ ಸಣ್ಣ ವಿಮಾನದ ಕಿಟ್ (ಬಿಡಿ ಭಾಗ ತಂದು ನಾವ ಜೋಡಸೂದು) ತರಸಿ ಕಟ್ಟಬೇಕಂತ ಭಾಳ ದಿನದಿಂದ ಮಾತಾಡಾಕತ್ತೇವ್ರಿ, ಎರಡ ಸೀಟಿಂದು, ಪೂರಾ ಅಲ್ಯುಮಿನಿಯಂ, ಸಣ್ಣ ಜಾಗಾದಾಗ ಏರತೈತಿ ಇಳಿತೈತಿ. ಶೀಟ್ ಮೆಟಲ್ ಕೆಲಸ ನಮಗ ಹೊಸದಲ್ಲ, ಶೆಡ್ಡೂ ಐತಿ. ಎರಡ ಪ್ರಶ್ನೆ ಅದಾವು. ಒಂದು, ವಿಮಾನದ ಬೋಲ್ಟ್ ಅಂದ್ರ ಎಎನ್ ಬೋಲ್ಟ್ ಹೊರಗಿಂದ ತರಸಿದ್ರ ಭಾಳ ತುಟ್ಟಿ ಬೀಳತೈತಿ, ಇಲ್ಲಿ 12.9 ಗ್ರೇಡಿನ (ಅಂಕಿ ಹೆಚ್ಚಾದಷ್ಟು ಗಟ್ಟಿ) ಅಲೆನ್ ಬೋಲ್ಟ್ ಗಲ್ಲಿಗಲ್ಲಿಗೆ ಸಿಗತಾವು, ಅವು ಇನ್ನೂ ಗಟ್ಟಿ ಅಲ್ಲೇನ್ರಿ? ಎರಡನೇದು, ಈ ವಿಮಾನಕ್ಕ ಹಾಕೂ ರೋಟ್ಯಾಕ್ಸ್ 912 ಎಂಜಿನ್ ಕಾರಿನ ಪೆಟ್ರೋಲ್ ಮ್ಯಾಲೆ ಓಡತೈತಿ ಅಂತಾರ, ಬಂಕಿನಿಂದ ಕ್ಯಾನಿನಾಗ ತಂದು ಹಾಕಿದ್ರ ನಡೀತೈತೇನು?

ಟೂಲ್‌ರೂಮ್_ಕಾಕಾ:
ಬಸು ತಮ್ಮಾ, ಬೋಲ್ಟಿಂದ ನಾ ಹೇಳ್ತೇನಿ. 12.9 ಗಟ್ಟಿ ಹೌದು, ಆದ್ರ ಇಲ್ಲಿ ಬರೇ ಗಟ್ಟಿತನ ನೋಡಂಗಿಲ್ಲ. ಎಎನ್ ಬೋಲ್ಟಿನ ಬಲ ಚದರ ಇಂಚಿಗೆ ಸುಮಾರು 1,25,000 ಪೌಂಡ್ (ಪಿಎಸ್ಐ), ನಮ್ಮ 8.8 ಗ್ರೇಡಿನ ಬೋಲ್ಟಿಗಿಂತ ಸ್ವಲ್ಪ ಮ್ಯಾಲೆ ಅಷ್ಟ. ಅದನ್ನ ಬೇಕಂತನ ಆ ಹದದಾಗ ಇಟ್ಟಾರ, ಲೋಡ್ ಹೆಚ್ಚಾದ್ರ ಮೊದಲ ಬಾಗತೈತಿ, ನೋಡಿದ್ರ ಕಣ್ಣಿಗೆ ಬೀಳತೈತಿ. 12.9 ಗೆ ಆ ಬಗ್ಗೂ ಗುಣ ಕಡಿಮಿ, ಮ್ಯಾಲೆ ಪ್ಲೇಟಿಂಗ್ ಸರಿ ಆಗಿರಲಿಲ್ಲಂದ್ರ ಹೈಡ್ರೋಜನ್ ಒಳಗ ಹೊಕ್ಕು ಏನೂ ಸೂಚನಾ ಕೊಡದನ ಕಟ್ ಆಗತೈತಿ.

ಅದಕ್ಕಿಂತ ದೊಡ್ಡದು ಗ್ರಿಪ್, ಅಂದ್ರ ಬೋಲ್ಟಿನಾಗ ಥ್ರೆಡ್ ಇಲ್ಲದ ನುಣ್ಣನ ಭಾಗ. ನಿನ್ನ ಟೇಬಲ್ ಮ್ಯಾಲಿರೋ ಒಂದು ಸಣ್ಣ ಅಲೆನ್ ಬೋಲ್ಟ್ ತಗೊಂಡು ನೋಡು, ತಲಿ ಬುಡದ ತನಕ ಥ್ರೆಡ್ ಇರತೈತಿ. ಅದನ್ನ ಸ್ಪಾರ್ (ರೆಕ್ಕಿಯ ಮುಖ್ಯ ತೊಲಿ) ಫಿಟಿಂಗ್‌ನಾಗ ಹಾಕಿದ್ರ ತೂತಿನ ಗ್ವಾಡಿಗೆ ತಾಗೂದು ಥ್ರೆಡ್ಡಿನ ಚೂಪು ಏಣು, ವೈಬ್ರೇಶನ್ನಿಗೆ ಅಲ್ಯುಮಿನಿಯಮ್ ತಿಂದು ತಿಂದು ತೂತು ಮೊಟ್ಟಿ ಆಕಾರ ಆಗತೈತಿ. ಎಎನ್ ಬೋಲ್ಟಿನಾಗ ಥ್ರೆಡ್ ಇಲ್ಲದ ನುಣ್ಣನ ಭಾಗ ಪ್ಲೇಟಿನ ದಪ್ಪಕ್ಕ ಸರಿ ಕುಂದ್ರತೈತಿ, ಹೆಚ್ಚುಕಡಿಮಿ ಇದ್ರ ವಾಶರ್ ಹಾಕಿ ಹೊಂದಸ್ತಾರ. ಅಳತಿನೂ ಕೂಡಂಗಿಲ್ಲ, ಎಎನ್3 ಅಂದ್ರ 4.76 ಎಂಎಂ, ನಿಮ್ಮ ಎಂ5 ಹಾಕಬೇಕಂದ್ರ ಕಂಪನಿಯವ್ರು ಹಾಕಿದ ತೂತು ದೊಡ್ಡದು ಮಾಡಬೇಕಾಗತೈತಿ, ಒಮ್ಮೆ ದೊಡ್ಡದಾದ ತೂತು ಸಣ್ಣದು ಮಾಡಾಕ ಬರಂಗಿಲ್ಲ. ಸ್ಟೇನ್‌ಲೆಸ್ ಹಾಕೋಣು ಅಂತ ಯಾರರ ಹೇಳ್ತಾರ, ಕೇಳಬ್ಯಾಡ, ಮಳಿಗಾಲದಾಗ ಇಲ್ಲಿ ತಿಂಗಳಾನುಗಟ್ಲೆ ಹಸಿ ಹವಾ, ಸ್ಟೇನ್‌ಲೆಸ್ಸೂ ಅಲ್ಯುಮಿನಿಯಮ್ಮೂ ತಾಗಿದ ಜಾಗಾದಾಗ ಬಿಳಿ ಪುಡಿ ಎದ್ದು ಅಲ್ಯುಮಿನಿಯಮ್ ಸವೀತೈತಿ.

ಜಿಗ್, ಫಿಕ್ಸ್ಚರ್, ಬೆಂಚು, ಎಂಜಿನ್ ಎತ್ತೂ ಸ್ಟ್ಯಾಂಡು ಎಲ್ಲಾ ಉದ್ಯಮಬಾಗದಾಗನ ಮಾಡ್ಕೋರಿ, ನಮ್ಮ ಹುಡುಗರಷ್ಟು ಚಲೋ ಯಾರೂ ಮಾಡಂಗಿಲ್ಲ. ಹಾರೂ ಸಾಮಾನು ಮಾತ್ರ ಡ್ರಾಯಿಂಗ್ ಏನ್ ಹೇಳತೈತಿ ಅದ. ಇನ್ನೊಂದು, ಶೀಟ್ ಮ್ಯಾಲೆ ಗೆರಿ ಹಾಕಾಕ ಪೆನ್ಸಿಲ್ ಬಳಸಬ್ಯಾಡ್ರಿ, ಸ್ಕ್ರೈಬರ್ ಅಂತೂ ಬ್ಯಾಡಾ ಬ್ಯಾಡ. ಪೆನ್ಸಿಲಿನ ಗ್ರಾಫೈಟ್ ಅಲ್ಯುಮಿನಿಯಮ್ಮಿಗೆ ತುಕ್ಕು ಹಚ್ಚತೈತಿ, ಸ್ಕ್ರೈಬರ್ ಗೀರಿನಿಂದ ಬಿರುಕು ಶುರು ಆಗತೈತಿ. ಸಣ್ಣ ಮೂತಿ ಮಾರ್ಕರ್ ಪೆನ್ ಸಾಕು.

ಗುಮ್ಮಟನಗರಿ:
ಪೆಟ್ರೋಲಿಂದ ನಾ ಹೇಳ್ತೀನ್ರಿ. ಬಂಕಿನ ಪೆಟ್ರೋಲ್ ಬ್ಯಾಡ್ರಿ. ರೋಟ್ಯಾಕ್ಸ್ ಕಂಪನಿ 912 ಕ್ಕ 10 ಪರ್ಸೆಂಟ್ ತನಕ ಎಥನಾಲ್ ಇದ್ರ ಒಪ್ಪತೈತಿ, ನಮ್ಮ ದೇಶದ ಬಂಕಿನಾಗ ಈಗ ಬರೂದು ಇ20, ಅಂದ್ರ 20 ಪರ್ಸೆಂಟ್ ಎಥನಾಲ್ ಇರೂದು. ನಮ್ಮ ಕಡೆ ಕಬ್ಬು ಬೆಳಿಯೋ ರೈತರಿಗೆ ಅದು ಚಲೋ ಸುದ್ದಿನ, ಮುಧೋಳ ಅಥಣಿ ಕಡೆ ಫ್ಯಾಕ್ಟರಿಗಳಿಂದ ಹೋಗೂದು ಅದ, ಆದ್ರ ವಿಮಾನಕ್ಕ ಅಲ್ಲ. ಎಥನಾಲ್ ನೀರು ಎಳಕೋತೈತಿ, ಹೆಚ್ಚಿಗೆ ಎಳಕೊಂಡ್ರ ನೀರು ಎಥನಾಲ್ ಎರಡೂ ಕೂಡಿ ಟ್ಯಾಂಕಿನ ತಳಕ್ಕ ಇಳಿತಾವು, ಎಂಜಿನ್ನಿಗೆ ಹೋಗೂ ಪೈಪ್ ಇರೂದು ತಳದಾಗನ. ರಬ್ಬರ್ ಹೋಸು, ಟ್ಯಾಂಕಿನ ಸೀಲಂಟ್, ಕಾರ್ಬ್ಯುರೇಟರಿನ ಫ್ಲೋಟು ಇವಕ್ಕೂ ಆಗಂಗಿಲ್ಲ. ಆಕ್ಟೇನ್ 95 ಐತಿ ಅಂತ ನೋಡಿ ಸಮಾಧಾನ ಆಗಬ್ಯಾಡ್ರಿ, ಎಥನಾಲ್ ಹಾಕಿದ್ರನ ಆಕ್ಟೇನ್ ಏರತೈತಿ.

ಪರೀಕ್ಷಾ ಸಸಾರ ಐತಿ. 100 ಎಂಎಲ್ ಅಳತಿ ಗಾಜಿನಾಗ ಮೊದಲ 10 ಎಂಎಲ್ ನೀರು, ಮ್ಯಾಲೆ 100 ರ ಗೆರಿ ತನಕ ಪೆಟ್ರೋಲ್, ಬಾಯಿ ಮುಚ್ಚಿ ಅಲ್ಲಾಡಿಸಿ ಇಡ್ರಿ. ತಳದ ನೀರಿನ ಗೆರಿ 10 ರಾಗನ ನಿಂತ್ರ ಎಥನಾಲ್ ಇಲ್ಲ, 25 ರ ಆಜೂಬಾಜೂ ಏರಿದ್ರ ಅದು ಇ20. ವಿಮಾನದ ಪೆಟ್ರೋಲ್ ಆವ್‌ಗ್ಯಾಸ್ 100ಎಲ್ಎಲ್ ಹಾಕಾಕ ಬರತೈತಿ, ಅದರಾಗ ಸೀಸ ಇರತೈತಿ ಅಂತ ಆಯಿಲ್ ಬೇಗ ಬೇಗ ಬದಲಿಸಬೇಕು.

ಇನ್ನ ನಮ್ಮ ಬಿಸಿಲು, ಹವಾ ಕಾದಷ್ಟು ತೆಳು ಆಗತೈತಿ, ಎಂಜಿನ್ ಶಕ್ತಿನೂ ಕಡಿಮಿ ಆಗತೈತಿ. ವಿಜಯಪುರ ಸುಮಾರು 1,900 ಅಡಿ ಎತ್ತರದಾಗ ಐತಿ. ಆ ಎತ್ತರಕ್ಕ ಸ್ಟ್ಯಾಂಡರ್ಡ್ ಲೆಕ್ಕದಾಗ 11 ಡಿಗ್ರಿ ಇರಬೇಕು, ಏಪ್ರಿಲ್‌ನಾಗ ಇರೂದು 40. ಹೆಚ್ಚಿನ ಒಂದೊಂದು ಡಿಗ್ರಿಗೆ 120 ಅಡಿ ಕೂಡಸ್ರಿ, ವಿಮಾನಕ್ಕ ತಾ 5,400 ಅಡಿ ಮ್ಯಾಲೆ ಇದ್ದಂಗ ಆಗತೈತಿ, ಎಂಜಿನ್ ಶಕ್ತಿ ಶೇಕಡಾ 15 ರಷ್ಟು ಅಲ್ಲೇ ಹೋತು. ಬೆಳಗಾವಿ ತಂಪು ಅಂತ ತಿಳೀಬ್ಯಾಡ್ರಿ, ಅಲ್ಲಿಯ ವಿಮಾನ ನಿಲ್ದಾಣ ಸಾಂಬ್ರಾ 2,500 ಅಡಿ ಹತ್ರ ಐತಿ, 36 ಡಿಗ್ರಿ ಇದ್ದ ದಿನ ಅಲ್ಲಿಯ ಲೆಕ್ಕಾನೂ ಅಷ್ಟಕ್ಕ ಬರತೈತಿ. ಎಂಜಿನ್ 80 ಎಚ್‌ಪಿದು ತಗೋಬೇಕೋ 100 ಎಚ್‌ಪಿದೋ ಅಂತ ಕೇಳಿದ್ರ ನನ್ನ ಮಾತು 100.

ಹ್ಯಾಂಗರ್_ಅಜ್ಜ:
ನಾ ವಿಮಾನದ ಮೇಂಟೆನನ್ಸ್‌ನಾಗ ಇದ್ದಾಂವ. ನೀವೆಲ್ಲಾ ಸಾಮಾನಿಂದ ಹೇಳಿದ್ರಿ, ಕಾಗದದ್ದು ಯಾರೂ ಎತ್ತಲಿಲ್ಲ. ಕಿಟ್ಟಿಗೆ ರೊಕ್ಕಾ ಕಟ್ಟೋಕಿಂತ ಮೊದಲ ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಕಡೆ ಬರವಣಿಗೆಯಾಗ ಕೇಳ್ರಿ. ಅಮೆರಿಕಾದಾಗ ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಕ್ಕಂತ ತಾವ ಮಾಡಿದ್ರ ಎಕ್ಸ್‌ಪೆರಿಮೆಂಟಲ್ ಸರ್ಟಿಫಿಕೇಟ್ ಕೊಡ್ತಾರ, ಆಮ್ಯಾಲೆ 25 ಇಲ್ಲಾ 40 ತಾಸು ಒಬ್ಬನ ಹಾರಸಿ ಟೆಸ್ಟ್ ಮಾಡೂ ಪದ್ಧತಿ ಐತಿ, ಆ ಹಾದಿ ನಮ್ಮಲ್ಲಿ ಅಷ್ಟು ಹಸನಾಗಿಲ್ಲ. ಮುಂಬೈದಾಗ ಅಮೋಲ್ ಯಾದವ್ ಅನ್ನೋ ಪೈಲಟ್ ತಮ್ಮ ಮನಿ ಮಾಳಿಗಿ ಮ್ಯಾಲೆ ಆರು ಸೀಟಿನ ವಿಮಾನ ಕಟ್ಟಿದ್ರು, 2016 ರ ಮೇಕ್ ಇನ್ ಇಂಡಿಯಾದಾಗ ಇಟ್ಟಿದ್ರು, ರಿಜಿಸ್ಟ್ರೇಶನ್ ಸಿಕ್ಕಿದ್ದು 2017 ರಾಗ, ಅದಕ್ಕ ಅವ್ರು ವರ್ಷಾನುಗಟ್ಲೆ ಓಡಾಡ್ಯಾರ. ಮತ್ತ ಸಾಂಬ್ರಾ ಅಂದ್ರ ವಾಯುಪಡೆ ಇರೂ ಜಾಗಾ, ಹೊಲದಾಗ ಪಟ್ಟಿ ಮಾಡಿ ಏರಸೋಣು ಅನ್ನೂದನ್ನ ತಲಿಯಿಂದ ತಗೀರಿ.

ಎರಡನೇದು ದಾಖಲೆ. ಯಾವ ಬೋಲ್ಟ್ ಯಾವ ಬ್ಯಾಚಿಂದು, ಯಾವ ದಿನ ಯಾರು ಟಾರ್ಕ್ ಮಾಡಿದ್ರು (ಅಳತಿ ಹಿಡಿದು ಬಿಗಿ ಮಾಡೂದು), ಎಲ್ಲಾ ಬರೀರಿ, ಫೋಟೋ ತಗೀರಿ. ರೆಕ್ಕಿ ಸ್ಕಿನ್ ಮುಚ್ಚೋಕಿಂತ ಮೊದಲ ಒಳಗಿಂದು ನೋಡಾಕ ತಿಳಿದವ್ರನ್ನ ಕರೀರಿ, ಮುಚ್ಚಿದ ಮ್ಯಾಲೆ ಯಾರಿಗೂ ಏನೂ ಕಾಣಂಗಿಲ್ಲ.

ಬಸು_ಬಾಗಲಕೋಟಿ:
ಅಜ್ಜಾರ, ಕಾಕಾರ, ಗುಮ್ಮಟನಗರಿ ಅಣ್ಣಾರ, ಭಾಳ ಉಪಕಾರ ಆತ್ರಿ. ಬೋಲ್ಟ್ ಕಿಟ್ಟಿನ ಸಂಗಾಟನ ತರಸ್ತೇವಿ. ಡಿಜಿಸಿಎಗೆ ಪತ್ರ ಬರಿಯೂತನಕ ಕೈ ಕಟ್ಟಿ ಕುಂದ್ರಬೇಕೋ, ಏನರ ಶುರು ಮಾಡಬಹುದೋ?

ಟೂಲ್‌ರೂಮ್_ಕಾಕಾ:
ಝೆನಿತ್‌ದವ್ರು ಬರೇ ರಡ್ಡರ್ ಕಿಟ್ ಬ್ಯಾರೆ ಮಾರ್ತಾರ, ವಿಮಾನದ ಮೂತಿ ಎಡಕ್ಕ ಬಲಕ್ಕ ತಿರುಗಸೂ ಬಾಲದ ಹಿಂದಿನ ಭಾಗ, ಅಷ್ಟ ತರಸ್ರಿ. ಅದು ಸರಿ ಬರಲಿಲ್ಲಂದ್ರ ಬದಿಗಿಟ್ಟು ಇನ್ನೊಂದು ಮಾಡಬಹುದು, ಪೂರಾ ಕಿಟ್ಟಿನ ರೊಕ್ಕಾ ಹೋಗಂಗಿಲ್ಲ. ಅದಕ್ಕೂ ಮೊದಲ ತುಂಡು ಶೀಟ್ ಮ್ಯಾಲೆ ರಿವೆಟ್ ಹೊಡದು ನೋಡ್ರಿ, ರಿವೆಟ್ ನಡುವಿನಿಂದ ಶೀಟಿನ ಅಂಚಿಗೆ ಕಡಿಮಿ ಅಂದ್ರೂ ರಿವೆಟ್ಟಿನ ವ್ಯಾಸದ ಎರಡು ಪಟ್ಟು ಬಿಡಬೇಕು, 3.2 ಎಂಎಂ ರಿವೆಟ್ಟಿಗೆ 6.4. ಡ್ರಿಲ್ ಆದ ಮ್ಯಾಲೆ ಪ್ರತಿ ತೂತಿನ ಎರಡೂ ಮಗ್ಗಲಿನ ಬರ್ (ಅಂಚಿಗೆ ಏಳೂ ಚೂಪು ಚೂರು) ತಗೀಬೇಕು, ನಡುವ ಚೂರು ಸಿಕ್ಕಿದ್ರ ಎರಡು ಶೀಟ್ ಕೂಡಿ ಕುಂದ್ರಂಗಿಲ್ಲ. ರವಿವಾರ ಶೆಡ್ ತಗದಿದ್ರ ಹೇಳು, ಕ್ಲೀಕೋ (ರಿವೆಟ್ ಹೊಡಿಯೂ ಮೊದಲ ಶೀಟ್ ಕೂಡಿಸಿ ಹಿಡಿಯೂ ಪಿನ್ನು) ಮತ್ತ ಅದರ ಇಕ್ಕಳ ನನ್ನ ಕಡೆ ಅದಾವು, ತರತೇನಿ.