ಹರಕೆ ಹೊತ್ತವರು ಅಪ್ಪ, ತೀರಿಸಬೇಕಾದವಳು ಮಗಳಾ?

(ಬೈಬಲ್ ಓದುಗರ ಗುಂಪು. ಈ ವಾರ: ಹಳೆ ಒಡಂಬಡಿಕೆಯಲ್ಲಿ ವಿಧೇಯತೆ. ಉತ್ತರ ಕೊಡುವವರು ದೈವಶಾಸ್ತ್ರ ಕಾಲೇಜಿನ ಮೇಷ್ಟ್ರು.)

ಹಾಸನದ ಸದಸ್ಯ: ವಂದನೆಗಳು ಅಯ್ಯನವರೇ. ಎಲ್ಲ ನಾಶಮಾಡು ಅಂತ ದೇವರು ಹೇಳಿದ್ದರೂ ರಾಜ ಸೌಲ ಶತ್ರುಗಳಾದ ಅಮಾಲೇಕ್ಯರ ಒಳ್ಳೆಯ ಕುರಿ, ದನ ಉಳಿಸಿದ್ದು ದೇವರಿಗೆ ಬಲಿ ಕೊಡೋಕೆ ತಾನೇ? ತಪ್ಪೇನು?

ಮೇಷ್ಟ್ರು: ಹಾಗಂತ ಸೌಲ ಹೇಳಿದ. 1 ಸಮುವೇಲ 15 ಪೂರ್ತಿ ಓದಿ. ಅಷ್ಟರಲ್ಲೇ ಅವನು ಕರ್ಮೆಲಿನಲ್ಲಿ ತನಗೊಂದು ಸ್ಮಾರಕ ನಿಲ್ಲಿಸಿಕೊಂಡಿದ್ದ. ಕುರಿ ಕೂಗೋದು ಪ್ರವಾದಿ ಸಮುವೇಲನ ಕಿವಿಗೆ ಬಿದ್ದ ಮೇಲೆ ತಪ್ಪನ್ನು ಜನರ ಮೇಲೆ ಹಾಕಿದ.

ದಾವಣಗೆರೆಯ ಸದಸ್ಯೆ: ಫಾರ್ವರ್ಡ್ ಬಂದಿದೆ. 'ದಾನಿಯೇಲನಂತೆ 10 ದಿನ ತರಕಾರಿ, ನೀರು ಮಾತ್ರ. ಶುಗರ್ ಮಾಯ. ಮಾತ್ರೆ ನುಂಗುವುದು ಅವಿಧೇಯತೆ.' ಮಾಡಬಹುದಾ?

ಮೇಷ್ಟ್ರು: ಬೇಡ. ಮಾತ್ರೆ ನಿಲ್ಲಿಸಬೇಡಿ. ದಾನಿಯೇಲ ರಾಜನ ಊಟ ಬಿಟ್ಟದ್ದು ಅಶುದ್ಧನಾಗಬಾರದು ಅಂತ, ಶುಗರ್ ಇಳಿಸೋಕಲ್ಲ. ರಾಜ ಹಿಜ್ಕೀಯನ ಹುಣ್ಣಿಗೆ ಯೆಶಾಯ ಅಂಜೂರದ ಹಣ್ಣು ಕಟ್ಟಿಸಿದ. ಪ್ರವಾದಿಯೇ ಔಷಧಿ ಹಾಕಿಸಿದ್ದಾನೆ.

ಬೀದರಿನ ಸದಸ್ಯೆ: ಯೋನ ಹಡಗು ಹತ್ತಿದ್ದು ಯಾವ ಊರಲ್ಲಿ? ಸಂಡೇ ಸ್ಕೂಲ್ ಮಕ್ಕಳಿಗೆ ಬೇಕು.

ಮಂಡ್ಯದ ಸದಸ್ಯ: ಮಗಳು ಹುಟ್ಟಿದಾಗ ಉಳಿಯೋದು ಕಷ್ಟ ಅಂದಿದ್ದರು. ಉಳಿಸಿದರೆ ನಿನ್ನ ಸೇವೆಗೇ ಕೊಡ್ತೀನಿ ಅಂತ ಹರಕೆ ಹೊತ್ತೆ. ಈಗ 19 ವರ್ಷ. ಬೈಬಲ್ ಶಾಲೆ ಬೇಡ, ನರ್ಸಿಂಗ್ ಓದ್ತೀನಿ ಅಂತ ಊಟ ಬಿಟ್ಟು ಕೂತಿದ್ದಾಳೆ. ಗೆದ್ದು ಬಂದರೆ ಮನೆಯಿಂದ ಮೊದಲು ಎದುರಾಗುವವರನ್ನು ಬಲಿ ಕೊಡ್ತೀನಿ ಅಂತ ಹರಕೆ ಹೊತ್ತ ಇಸ್ರಾಯೇಲಿನ ನಾಯಕ ಯೆಫ್ತಾಹ, ಎದುರಾದವಳು ಮಗಳೇ ಆದರೂ ಮಾತು ಉಳಿಸಿಕೊಂಡ. ನಾನು ಮುರಿದರೆ ಶಾಪ ತಟ್ಟುತ್ತಾ?

ಮೇಷ್ಟ್ರು: ಅಣ್ಣಾ, ಮೊದಲು ಮಗಳನ್ನು ಕರೆದು ಊಟಕ್ಕೆ ಕೂರಿಸಿ. ನರ್ಸಿಂಗ್ ಅರ್ಜಿಗೆ ಕೊನೆ ದಿನ ಯಾವಾಗ ಅಂತ ಕೇಳಿ. ಆಮೇಲೆ ಇದನ್ನು ಓದಿ.

ಯೆಫ್ತಾಹನಿಗೆ ಹರಕೆ ಹೊರು ಅಂತ ದೇವರು ಹೇಳಲೇ ಇಲ್ಲ. ನ್ಯಾಯಸ್ಥಾಪಕರು 11 ತೆಗೆಯಿರಿ. ದೇವರ ಆತ್ಮ ಅವನ ಮೇಲೆ ಬಂದದ್ದು 29ನೇ ವಚನದಲ್ಲಿ, ಹರಕೆ 30ರಲ್ಲಿ. ಸಹಾಯ ಆಗಲೇ ಬಂದಿತ್ತು, ಇವನು ಚೌಕಾಸಿಗೆ ಇಳಿದ. ಅಮ್ಮೋನಿಯರನ್ನು ಗೆದ್ದು ಮನೆಗೆ ಬಂದರೆ ದಮ್ಮಡಿ ಬಡಿದು ಕುಣಿಯುತ್ತಾ ಎದುರಾದವಳು ಒಬ್ಬಳೇ ಮಗಳು. ಇವನು ಬಟ್ಟೆ ಹರಿದುಕೊಂಡು, ನೀನು ನನ್ನನ್ನು ಕುಗ್ಗಿಸಿಬಿಟ್ಟೆ ಅಂತ ಅವಳನ್ನೇ ದೂರಿದ! ಅಲ್ಲಿ ದೇವರು ಒಂದು ಮಾತೂ ಆಡುವುದಿಲ್ಲ. ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ.

ಬಿಡಿಸಿಕೊಳ್ಳೋ ದಾರಿ ಧರ್ಮಶಾಸ್ತ್ರದಲ್ಲೇ ಇತ್ತು. ಯಾಜಕಕಾಂಡ 27: ಮನುಷ್ಯರನ್ನು ಹರಕೆ ಹೊತ್ತವರು ಬದಲಿಗೆ ಬೆಳ್ಳಿ ಕೊಡಬಹುದು. 5ರಿಂದ 20 ವರ್ಷದ ಹುಡುಗಿಗೆ 10 ಶೆಕೆಲ್ (ಆಗಿನ ಬೆಳ್ಳಿಯ ತೂಕ). ಬಡವನಾದರೆ ಕೈಲಾದಷ್ಟು. ಇದಕ್ಕೇ ಯೆಹೂದಿ ರಬ್ಬಿಗಳು ಅವನನ್ನು ಬೈಯುತ್ತಾರೆ. ಮಿದ್ರಾಷ್‌ನಲ್ಲಿ, ಅಂದರೆ ರಬ್ಬಿಗಳ ಹಳೆಯ ವ್ಯಾಖ್ಯಾನದಲ್ಲಿ, ಒಂದು ಕಥೆ ಇದೆ. ಹರಕೆ ಬಿಡಿಸಬಹುದಾಗಿದ್ದ ಯಾಜಕ ಫೀನೆಹಾಸ, ಬೇಕಾದರೆ ಅವನೇ ಬರಲಿ ಅಂದ. ನಾಯಕನಾದ ನಾನೇಕೆ ಹೋಗಲಿ ಅಂತ ಯೆಫ್ತಾಹ. ಇಬ್ಬರ ಜಂಬದ ನಡುವೆ ಹುಡುಗಿಯ ಪ್ರಾಣ ಹೋಯಿತು.

ಸೌಲನೂ ಸಂಜೆವರೆಗೆ ಉಂಡವನಿಗೆ ಶಾಪ ಅಂತ ಆಣೆ ಇಟ್ಟಿದ್ದ. ಅವನ ಮಗ ಯೋನಾತಾನ ತಿಳಿಯದೆ ಜೇನು ತಿಂದ. ಅಪ್ಪ ಕೊಲ್ಲಲು ಹೊರಟಾಗ ಜನ ಅಡ್ಡ ನಿಂತು ಬಿಡಿಸಿದರು. ಆ ಜನರಿಗೆ ಯಾವ ಶಾಪವೂ ತಟ್ಟಲಿಲ್ಲ.

ಶಿವಮೊಗ್ಗದ ಸದಸ್ಯ: ಹಾಗಾದರೆ ಹನ್ನ ಹರಕೆಯಂತೆ ಮಗ ಸಮುವೇಲನನ್ನು ದೇವರ ಸೇವೆಗೆ ಕೊಟ್ಟದ್ದೂ ತಪ್ಪಾ? ಹರಕೆ ತೀರಿಸಲು ತಡಮಾಡಬೇಡ ಅಂತ ಪ್ರಸಂಗಿ 5ರಲ್ಲಿದೆ. ಈಗ ಮಕ್ಕಳ ಮಾತು ಕೇಳೋದೇ ವಿಧೇಯತೆ!

ಮೈಸೂರಿನ ಸದಸ್ಯೆ: ಬ್ರದರ್, ನಿಮ್ಮ ಮಗ ಇಂಜಿನಿಯರಿಂಗ್ ಅಲ್ವಾ? ಅವನನ್ನು ಕಳಿಸಿ ಸೇವೆಗೆ.

ಶಿವಮೊಗ್ಗದ ಸದಸ್ಯ: ಪರ್ಸನಲ್ ಬೇಡ ಸಿಸ್ಟರ್.

ಮೈಸೂರಿನ ಸದಸ್ಯೆ: ಆ ಹುಡುಗಿಯ ಬಾಳು ಪರ್ಸನಲ್ ಅಲ್ವಾ?

ಮೇಷ್ಟ್ರು: ಇಬ್ಬರೂ ಸುಮ್ನಿರಿ. ಹನ್ನ ತಪ್ಪು ಅಂತ ನಾನೆಲ್ಲಿ ಹೇಳಿದೆ? ದುಡುಕಿ ಬಾಯಿ ಬಿಡಬೇಡ ಅಂತಲೂ ಅದೇ ಪ್ರಸಂಗಿ 5ರಲ್ಲಿದೆ. ಅದನ್ನು ಯಾಕೆ ಬಿಟ್ಟಿರಿ?

ಹುಬ್ಬಳ್ಳಿಯ ಸದಸ್ಯ: ಯೆಫ್ತಾಹ ಕೊಲ್ಲಲಿಲ್ಲ, ಮದುವೆ ಮಾಡದೆ ಇಟ್ಟ ಅಂತಾರಲ್ಲ ಸರ್?

ಮೇಷ್ಟ್ರು: ಮಧ್ಯಯುಗದ ಯೆಹೂದಿ ವ್ಯಾಖ್ಯಾನಕಾರ ದಾವಿದ್ ಕಿಮ್ಹಿ ಹಾಗೆ ಓದಿದ. ನನಗೆ ಒಪ್ಪಿಗೆಯಿಲ್ಲ. ಒಪ್ಪಿದರೂ ಅವಳನ್ನು ಯಾರು ಕೇಳಿದರು?

ಕೋಲಾರದ ಸದಸ್ಯ: ದಾನಿಯೇಲನ ಉಪವಾಸದಲ್ಲಿ ಬಿಪಿ ಮಾತ್ರೆ ಬಿಡಬಹುದಾ?

ಮೇಷ್ಟ್ರು: ಬಿಡಬಾರದು. ಮೇಲೆ ಓದಿ.

ಕೋಲಾರದ ಸದಸ್ಯ: ಯೆಹೋಶುವನ ಕಾಲದಲ್ಲಿ ಸೂರ್ಯ ನಿಂತ ದಿನ ನಾಸಾ ಕಂಪ್ಯೂಟರ್‌ಗೆ ಸಿಕ್ಕಿದೆ. 11 ಜನರಿಗೆ ಕಳಿಸಿ. ಕಳಿಸದಿದ್ದರೆ ಅವಿಧೇಯತೆ.

ಮೇಷ್ಟ್ರು: ಸುಳ್ಳು. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಗುಂಪಿನಿಂದ ಹೊರಗೆ.

ಮಂಡ್ಯದ ಸದಸ್ಯ: ಅಯ್ಯನವರೇ, ಶುಕ್ರವಾರ ಕೊನೆ ದಿನವಂತೆ. ಆದರೂ ಮನಸ್ಸು ಒಪ್ಪುತ್ತಿಲ್ಲ.

ಮೇಷ್ಟ್ರು: ಮನಸ್ಸು ನಿಧಾನಕ್ಕೆ ಒಪ್ಪಲಿ, ಅರ್ಜಿ ಹಾಕಿ. ಗುರುವಾರ ನನಗೆ ಫೋನ್ ಮಾಡಿ, ಮಗಳ ಕೈಗೂ ಕೊಡಿ.